ಹಡಗಿನ ಮೇಲೆ ಒಬ್ಬ ಇದ್ದಾನಂತೆ

ಮಾರ್ಚ್ 3, ಭಾನುವಾರ

ಈ ಮನೆಯ ಸಮಸ್ತ ನಿವಾಸಿಗಳಿಗೆ ಈ ಮೂಲಕ ಪ್ರಕಟಿಸುವುದೇನೆಂದರೆ — ಇಂದಿನಿಂದ ಸೋಪು ಹಚ್ಚಿ ಕೈ ತೊಳೆದು, ಒರೆಸಿಕೊಂಡು, ಬೆಳ್ಳಿ ನಾಣ್ಯಗಳನ್ನು ಅಂಚಿನಲ್ಲಿ ಮಾತ್ರ ಹಿಡಿದು ಎತ್ತತಕ್ಕದ್ದು. ನಾಣ್ಯದ ಮುಖಕ್ಕೆ ಬೆರಳು ತಾಗಿಸಿದವರಿಗೆ ಆ ಭಾನುವಾರದ ಎರಡನೇ ಕಾಫಿ ರದ್ದು. ಸಮಸ್ತ ನಿವಾಸಿಗಳೆಂದರೆ ಮೂವರು: ಅಣ್ಣ, ಅತ್ತಿಗೆ, ನಾನು. ಅಪರಾಧಿ: ಅತ್ತಿಗೆ. ಟ್ರೇ ಸರಿಸುವಾಗ ಹಿಟ್ಟಿನ ಕೈಯಲ್ಲೇ ನಾಣ್ಯದ ಮೇಲಿನ ರಾಣಿಯ ಕೆನ್ನೆ ಸವರಿದರು. ಕೇಳಿದರೆ, ಬೋಳಾಗಿ ಕೂತಿರೋ ರಾಣಿಗೆ ಇನ್ನು ಕೆಡೋಕೆ ಏನು ಉಳಿದಿದೆ ಅಂತ ಉತ್ತರ.

ಸುಳ್ಳಲ್ಲ. ಪ್ರತಿ ಭಾನುವಾರ ಹೊರಗೆ ಬರುವ ಈ ಟ್ರೇಯಲ್ಲಿ ಇಪ್ಪತ್ತೆರಡು ಗುಳಿ, ಇಪ್ಪತ್ತೊಂದು ನಾಣ್ಯ. ಒಂದು ಮಗ್ಗುಲಲ್ಲಿ ರಾಣಿ, ಇನ್ನೊಂದರಲ್ಲಿ ಹಡಗು. ಇಪ್ಪತ್ತೆರಡು ವರ್ಷ ಟಂಕಿಸಿ ನಿಲ್ಲಿಸಿದರು, ವರ್ಷಕ್ಕೊಂದು ಗುಳಿ. ಕೊನೇ ವರ್ಷದ್ದು ನಮ್ಮಲ್ಲಿಲ್ಲ. ಇರುವ ಅಷ್ಟೂ ಜೇಬಿನಿಂದ ಜೇಬಿಗೆ ಓಡಾಡಿ ಸವೆದವು. ಅಣ್ಣ ಗಡಿಯಾರ ರಿಪೇರಿ ಮಾಡುತ್ತಾ ನಲವತ್ತು ವರ್ಷ ಒಂದೊಂದೇ ಗುಡ್ಡೆ ಹಾಕಿದ್ದು. ನಾನು ಪಠ್ಯಪುಸ್ತಕದ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವವಳು, ಈ ಟ್ರೇಯ ಖಾಯಂ ಸಹಾಯಕಿ. ಸಂಬಳ: ಬೈಗುಳ.

ಮಾರ್ಚ್ 9, ಶನಿವಾರ

ಕಣ್ಣಿನ ಆಸ್ಪತ್ರೆ. ಬಲಗಣ್ಣು ಎರಡು ವರ್ಷದ ಹಿಂದೆಯೇ ರಾಜೀನಾಮೆ ಕೊಟ್ಟಾಗಿದೆ. ಈಗ ಎಡಗಣ್ಣಿನೊಳಗೂ ಸಕ್ಕರೆ ಕಾಯಿಲೆ ನುಗ್ಗಿದೆ. ಒಳಗಿನ ಸಣ್ಣ ರಕ್ತನಾಳಗಳು ಜಿನುಗುತ್ತಿವೆಯಂತೆ. ಡಾಕ್ಟರು ನನ್ನನ್ನು ಮಾತ್ರ ಕಾರಿಡಾರಿಗೆ ಕರೆದು ಹೇಳಿದರು. ಇಂಜೆಕ್ಷನ್ ಕೊಡೋಣ, ಮೂರು ತಿಂಗಳು ನಡೀಬಹುದು, ಆರು ನಡೀಬಹುದು, ಹೇಳೋಕಾಗಲ್ಲ — "ಅವರಿಗೆ ನೋಡಬೇಕು ಅಂತ ಏನಾದ್ರೂ ಇದ್ರೆ ಬೇಗ ನೋಡಿಬಿಡಲಿ."

ಬಸ್ಸಿನಲ್ಲಿ ಅತ್ತಿಗೆ ಎಷ್ಟೋ ಉಪಾಯವಾಗಿ ವಿಷಯ ತೆಗೆದರು. ಎಲ್ಲಾದರೂ ಹೋಗಿ ಬರೋಣವಾ, ಏನಾದರೂ ನೋಡಬೇಕಾ. ಸಮುದ್ರ ಅಂತಾನೆ ಅಂದುಕೊಂಡಿದ್ದರು ಪಾಪ. ಅಣ್ಣ ಕಿಟಕಿ ಕಡೆ ತಿರುಗಿ, "ಆ ನಾವಿಕನ್ನ ಒಂದ್ಸಲ ನೋಡ್ಬೇಕು" ಅಂದ.

ಬರೆದಿಡಬೇಕು. ನಾಣ್ಯಗಳ ಹಳೇ ಕ್ಯಾಟಲಾಗಿನಲ್ಲಿ ಒಂದೇ ಒಂದು ಸಾಲಿದೆ: ಹಡಗಿನ ಮೇಲೆ ಒಬ್ಬ ನಾವಿಕ, ಬಲಗೈ ಎತ್ತಿದ್ದಾನೆ. ಎಳ್ಳುಕಾಳಿನಷ್ಟು ಮನುಷ್ಯ. ನಾಣ್ಯ ಸವೆಯುವಾಗ ಎಲ್ಲರಿಗಿಂತ ಮೊದಲು ಅಳಿಸಿಹೋಗುವವನೇ ಅವನು. ನಮ್ಮ ಇಪ್ಪತ್ತೊಂದರಲ್ಲೂ ಹಡಗಿದೆ, ಅವನಿಲ್ಲ. ನಾನು ಆರು ವರ್ಷದವಳು, ಅಣ್ಣ ಹದಿನೈದರವನು ಇದ್ದಾಗ ಶುರುವಾದ ಜಗಳ — ಅವನು ಟಾಟಾ ಮಾಡುತ್ತಿದ್ದಾನೆ ಅಂತ ನಾನು. ಕಾಪಾಡಿ ಅಂತ ಕೂಗುತ್ತಿದ್ದಾನೆ ಅಂತ ಅಣ್ಣ. ಇಬ್ಬರೂ ನೋಡಿಲ್ಲ. ನೋಡದೇ ಇರುವುದರ ಬಗ್ಗೆಯೇ ಅಲ್ಲವೇ ಜಗಳ ಐವತ್ತು ವರ್ಷ ಬಾಳಿಕೆ ಬರುವುದು.

ಮಾರ್ಚ್ 16

ಆಫೀಸಿಗೆ ಅರ್ಧ ರಜ. ನಾಣ್ಯದಂಗಡಿ. ಯಜಮಾನರಿಗೆ ನಾವಿಟ್ಟ ಹೆಸರು ಭೂತಗನ್ನಡಿ. ಮಾತಾಡುವಾಗಲೂ ಅದನ್ನು ಕಣ್ಣಿಂದ ಇಳಿಸುವುದಿಲ್ಲ. ಎದುರಿಗೆ ನಿಂತವರಿಗೆ ತಮ್ಮ ಗ್ರೇಡ್ ಎಷ್ಟಿರಬಹುದು ಅಂತ ಅಳುಕು.

ಗ್ರೇಡಿನ ಪಾಠ ಮತ್ತೆ ಆಯಿತು. 'ಗುಡ್' ಅಂದರೆ ಪೂರ್ತಿ ಬೋಳು. 'ಫೈನ್' ಅಂದರೆ ಸವೆದಿದೆ, ಗುರುತು ಸಿಗುತ್ತದೆ — ಹೇಗಿದ್ದೀರಿ ಅಂದರೆ ಫೈನ್ ಅನ್ನುವ ನಮ್ಮ ಆಫೀಸಿನವರ ಹಾಗೆ. 'ವೆರಿ ಫೈನ್' ಅಂದರೆ ಹಡಗಿನ ಹಗ್ಗಗಳು ಅಲ್ಲಲ್ಲಿ ಇವೆ. ಅದರ ಮೇಲೆ 'ಎಕ್ಸ್‌ಟ್ರಾ ಫೈನ್'. ಅದರಾಚೆ 'ಎಯು', ಅಂದರೆ ಬಳಸಿಯೂ ಬಳಸದ ಹಾಗಿರುವುದು. ತುತ್ತತುದಿಗೆ 'ಮಿಂಟ್' — ಟಂಕಸಾಲೆಯಿಂದ ಬಂದ ಮೇಲೆ ಮನುಷ್ಯರ ಕೈಗೇ ಸಿಗದ ಪುಣ್ಯಾತ್ಮ. ಎಯುನಿಂದ ಮೇಲಕ್ಕೆ ಹೋದರೆ ಮಾತ್ರ ನಾವಿಕ ಸಿಗುತ್ತಾನೆ. ಕೊನೇ ವರ್ಷದ್ದು ತಾನೇ ಖಾಲಿ ಇರುವುದು, ಅದನ್ನೇ ಮೇಲಿನ ಗ್ರೇಡಿನಲ್ಲಿ ಹುಡುಕೋಣ ಅಂದರು.

ದುಡ್ಡಿನ ಚಿಂತೆ ಇಲ್ಲ. ನನ್ನ ಹಳೇ ಡೆಪಾಸಿಟ್ ಇದೆ. ಅದು ಯಾತಕ್ಕೆ ಇಟ್ಟಿದ್ದು ಅನ್ನುವುದು ಈಗ ಜ್ಞಾಪಕಕ್ಕೆ ಬರಬೇಕಾದ ಅಗತ್ಯವೂ ಇಲ್ಲ.

ಏಪ್ರಿಲ್ 6, ಶನಿವಾರ

ಭೂತಗನ್ನಡಿಯವರ ಫೋನ್. ಓಡಿದೆ.

ನೀಲಿ ಮಖಮಲ್ಲಿನ ಮೇಲೆ ಎರಡು. ಒಂದು ವೆರಿ ಫೈನ್. ಹಡಗಿದೆ, ಮನುಷ್ಯನಿಲ್ಲ. ಪಕ್ಕಕ್ಕಿಟ್ಟೆ. ಇನ್ನೊಂದು ಎಯು. ಗಾಜಿನ ಕೆಳಗೆ ಹಿಡಿದರೆ — ಇದ್ದ. ನಿಜವಾಗಿ ಇದ್ದ. ಒಂದು ತಲೆ, ಒಂದು ಎತ್ತಿದ ಕೈ. ಮೂಗು ಮಾತ್ರ ಕೇಳಬಾರದು. ಅಷ್ಟರಲ್ಲಿ ನಾಣ್ಯವನ್ನು ಬೆಳಕಿಗೆ ಓರೆ ಮಾಡಿದೆ. ಕೂದಲೆಳೆಯಂಥ ಗೀರುಗಳು, ಮೇಲಿಂದ ಕೆಳಗೆ ಸಾಲಾಗಿ. ಹೊಳಪೂ ತಪ್ಪು. ಹೊಸ ಅಲ್ಯೂಮಿನಿಯಂ ಪಾತ್ರೆಯ ಹೊಳಪು, ಬೆಳ್ಳಿಯದಲ್ಲ. ಯಾವ ಕಾಲದಲ್ಲೋ ಯಾರೋ ಪುಣ್ಯಾತ್ಮರು ಹಲ್ಲುಪುಡಿ ಹಾಕಿ ಫಳಫಳ ಉಜ್ಜಿದ್ದಾರೆ. ನಾಣ್ಯದವರ ಲೋಕದಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ. ಎಷ್ಟೇ ಚೆನ್ನಾಗಿರಲಿ, ಉಜ್ಜಿದ್ದು ಅಂದರೆ ಗ್ರೇಡ್ ಕೊಡುವವರು ನಂಬರನ್ನೇ ಕೊಡುವುದಿಲ್ಲ. ಚೀಟಿಯಲ್ಲಿ ಪಾಪವನ್ನು ಬರೆದು ಕಳಿಸುತ್ತಾರೆ.

ಭೂತಗನ್ನಡಿಯವರೇ ಹೇಳಿದರು, ವ್ಯಾಪಾರಿಯಾಗಿ ಅಲ್ಲ ಅಂತ ಕಾಣುತ್ತೆ, ಗಾಜು ಕಣ್ಣಿಂದ ಇಳಿದಿತ್ತು: "ಅಮ್ಮಾ, ನಿಮಗೆ ಬೇಕಾಗಿರೋದು ನಾವಿಕ ತಾನೆ. ಇದ್ರಲ್ಲಿದಾನೆ. ತಗೊಂಡು ಹೋಗಿ ತೋರಿಸಿಬಿಡಿ."

ಬೇರೆ ಊರಿನ ವ್ಯಾಪಾರಿಯ ಹತ್ತಿರ ಒಂದು ಮಿಂಟ್ ಇದೆ ಅಂತಲೂ ಅವರೇ ಬಾಯಿಬಿಟ್ಟರು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಆಗಿದೆ, ಎಪ್ಪತ್ತಕ್ಕೆ ಅರವತ್ತೇಳು ನಂಬರ್. ಐದಾರು ವಾರ ಆಗಬಹುದು ಬರೋಕೆ.

ಡಾಕ್ಟರು ಮೂರು ತಿಂಗಳು ಅಂದಿದ್ದರು. ಮಾರ್ಚ್, ಏಪ್ರಿಲ್, ಮೇ. ಬೆರಳು ಮಡಚಿ ನೋಡಿದೆ. ಸಾಲುತ್ತದೆ. ಜೀವನವಿಡೀ ಸವೆದದ್ದನ್ನೇ ನೋಡಿದವನಿಗೆ ಕೊನೆಗೊಂದಾದರೂ ಕಳಂಕವಿಲ್ಲದ್ದು ತೋರಿಸಬೇಡವೇ. ಗೀರು ಬಿದ್ದಿದ್ದನ್ನು ಅವನ ಕೈಗೆ ಕೊಟ್ಟರೆ ಗಡಿಯಾರದವನ ಕಣ್ಣು ಮೊದಲು ಗೀರನ್ನೇ ನೋಡೀತು.

ಬೇಡ ಅಂದೆ. ಮಿಂಟ್ ತರಿಸಿ ಅಂದೆ.

ಏಪ್ರಿಲ್ 7

ಅಣ್ಣನಿಗೆ ಹೇಳಿದ್ದು: ಇನ್ನೂ ಸಿಕ್ಕಿಲ್ಲ. ಅಡುಗೆಮನೆಯಲ್ಲಿ ಅತ್ತಿಗೆಗೆ ನಿಜ ಹೇಳಿದೆ. ಅವರು ತರಕಾರಿ ಹೆಚ್ಚುವುದು ನಿಲ್ಲಿಸಲಿಲ್ಲ.

"ನಾವಿಕ ಇದ್ನಾ ಅದ್ರಲ್ಲಿ?"

"ಇದ್ದ."

"ಮತ್ತೆ?"

ಗೀರಿನ ವಿಷಯ ವಿವರಿಸಿದೆ. ಗಂಡು ನೋಡುವಾಗಲೂ ನೀನು ಹೀಗೇ ಮಾಡಿದ್ದು ಅಂದರು. ಒಬ್ಬನ ಕಿವಿ ಅಗಲ, ಒಬ್ಬನ ಅಕ್ಷರ ಕೆಟ್ಟದು, ಇನ್ನೊಬ್ಬ ಪತ್ರದಲ್ಲಿ ಎರಡು ತಪ್ಪು ಬರೆದಿದ್ದ ಅಂತ ಪತ್ರವನ್ನೇ ತಿದ್ದಿ ವಾಪಸ್ ಕಳಿಸಿದವಳು. ನಿಜ. ಮೂರು ತಪ್ಪಿತ್ತು, ಎರಡಲ್ಲ.

ಏಪ್ರಿಲ್ 27

ಮಿಂಟ್ ಬಂದಿಲ್ಲ. ಆ ಊರಿನ ವ್ಯಾಪಾರಿ ಮಗಳ ಮನೆಗೆ ಹೋಗಿದ್ದಾನಂತೆ. ಉಜ್ಜಿದ್ದಾದರೂ ಇದೆಯಾ ಅಂತ ಸುಮ್ಮನೆ, ಮಾತಿಗೆ ಅನ್ನುವ ಹಾಗೆ ಕೇಳಿದೆ. ಹೋದ ವಾರವೇ ಯಾರೋ ತಗೊಂಡರಂತೆ. ಪೆಂಡೆಂಟ್ ಮಾಡಿಸಿಕೊಳ್ಳೋಕೆ.

ಮೇ 11

ಇವತ್ತು ಅಣ್ಣನಿಗೆ ಒಳ್ಳೆಯ ದಿನ. ಕಿಟಕಿ ಪಕ್ಕ ಕೂತು, ಕಣ್ಣಿಗೆ ರಿಪೇರಿ ಗಾಜು ಸಿಕ್ಕಿಸಿಕೊಂಡು, ಹಳೇ ವಾಚಿನ ಚಕ್ರದ ಹಲ್ಲು ಎಣಿಸಿದ. ಅರವತ್ತು. ನಾನೂ ಎಣಿಸಿದೆ. ಅರವತ್ತು. ನನಗೆ ಒಳಗೊಳಗೇ ಹಿಗ್ಗು. ನೋಡಿ, ನನ್ನ ಲೆಕ್ಕ ಸರಿ ಇತ್ತು, ಕಾದದ್ದೇ ಒಳ್ಳೆಯದಾಯಿತು ಅಂತ ಅತ್ತಿಗೆ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ.

ಮೇ 24

ಭೂತಗನ್ನಡಿಯವರ ಫೋನ್ — ಪಾರ್ಸೆಲ್ ಹೊರಟಿದೆ!! (ಆಶ್ಚರ್ಯಸೂಚಕ ಎರಡು. ಪ್ರೆಸ್ಸಿನಲ್ಲಾಗಿದ್ದರೆ ಒಂದನ್ನು ಹೊಡೆದುಹಾಕುತ್ತಿದ್ದೆ.)

ಮೇ 26, ಭಾನುವಾರ, ಬೆಳಗ್ಗೆ 7

ಯಾರು ಪರದೆ ಎಳೆದದ್ದು ಅಂತ ಅಣ್ಣ ಹಾಸಿಗೆಯಿಂದಲೇ ಕೇಳಿದ. ಯಾರೂ ಎಳೆದಿರಲಿಲ್ಲ. ಬಿಸಿಲು ಅವನ ಮೊಣಕಾಲ ಮೇಲೇ ಬಿದ್ದಿತ್ತು.

ಮೇ 26, ಮಧ್ಯಾಹ್ನ

ಕಣ್ಣೊಳಗೆ ರಕ್ತ. ಇಳಿಯಬಹುದು, ಇಳಿಯದೇ ಇರಬಹುದು. ಡಾಕ್ಟರ ಮುಖ ಓದಿದೆ. ಅದೇ ನನ್ನ ಕಸುಬು. ಇಳಿಯುವುದಿಲ್ಲ ಅಂತಲೇ ಇತ್ತು, ಅದರಲ್ಲಿ ತಪ್ಪು ಕಾಣಲಿಲ್ಲ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ನನಗೆ ಅದೂ ಬಂದ ಹಾಗಿಲ್ಲ. ಬಸ್ಸಿನಲ್ಲಿ ಬರುವಾಗಲೂ ಪಾರ್ಸೆಲ್ ಎಲ್ಲಿಗೆ ಬಂದಿರಬಹುದು ಅಂತಲೇ ಯೋಚಿಸುತ್ತಿದ್ದೆ.

ಜೂನ್ 8, ಶನಿವಾರ

ಹದಿಮೂರು ದಿನ ಏನೂ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ಕಣ್ಣಿನ ರಕ್ತ ಇಳಿದಿಲ್ಲ. ಬೆಳಕು ಇದೆಯೋ ಇಲ್ಲವೋ ಅನ್ನುವುದಷ್ಟೇ ಗೊತ್ತಾಗುತ್ತದೆ ಅವನಿಗೆ.

ಮಿಂಟ್ ಬಂತು. ಅಂಗಡಿಯಲ್ಲೇ ಮೊದಲು ನೋಡಿದೆ. ತಿರುಗಿಸಿ ನೋಡಿದೆ, ಓರೆ ಮಾಡಿ ನೋಡಿದೆ, ಒಂದೇ ಒಂದು ಗೀರಿಲ್ಲ. ಹಡಗಿನ ಮೇಲೆ ಅವನು. ಮೂಗು ಕೂಡ ಇದೆ. ಬಲಗೈ ಎತ್ತಿದ್ದಾನೆ, ಹೌದು. ಆದರೆ ಟಾಟಾ ಮಾಡುತ್ತಿಲ್ಲ. ಕಾಪಾಡಿ ಅಂತಲೂ ಕೂಗುತ್ತಿಲ್ಲ. ಹಗ್ಗ ಹಿಡಿದಿದ್ದಾನೆ. ಕೂದಲಿಗಿಂತ ಸಣ್ಣ ಹಗ್ಗ, ಮಿಂಟಿನಲ್ಲಿ ಮಾತ್ರ ಉಳಿದಿರುವಂಥದ್ದು. ಪಾಪ, ಅವನ ಪಾಡಿಗೆ ಅವನು ಕೆಲಸ ಮಾಡುತ್ತಿದ್ದಾನೆ. ಐವತ್ತು ವರ್ಷ ನಾವಿಬ್ಬರು ಅವನ ಹೆಸರಲ್ಲಿ ಕಿತ್ತಾಡಿದ್ದು.

ಭೂತಗನ್ನಡಿಯವರು ಡಬ್ಬಿಯನ್ನು ಹತ್ತಿಯಲ್ಲಿ ಸುತ್ತಿ, ಆ ಮೇಲೆ ಕಾಗದದಲ್ಲಿ, ಆ ಮೇಲೆ ಇನ್ನೊಂದು ಕಾಗದದಲ್ಲಿ ಸುತ್ತಿದರು. ಬಾಗಿಲ ತನಕ ಬಂದರು.

ಮನೆಗೆ ಬಂದು ಹೇಳಿದೆ — ಬಂದಿದಾನೆ. ಅಣ್ಣ ಎದ್ದು ಕೈ ತೊಳೆದುಕೊಂಡ. ಸೋಪು ಹಚ್ಚಿ. ಪ್ಲಾಸ್ಟಿಕ್ ಡಬ್ಬಿ ಕಣೋ, ಬೇಡ ಅಂದರೂ ಕೇಳಲಿಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತ. ಗಾಜನ್ನು ಎಡಗಣ್ಣಿಗೆ ಸಿಕ್ಕಿಸಿಕೊಂಡ, ಅಭ್ಯಾಸಬಲ. ಹಡಗು ಮೇಲೆ ಬರುವ ಹಾಗೆ ಅವನ ಕೈಗಿಟ್ಟೆ. ಅವನು ಡಬ್ಬಿಯ ಅಂಚುಗಳನ್ನು ಬೆರಳಲ್ಲಿ ಸವರಿ, ಒಂದು ಸುತ್ತು ತಿರುಗಿಸಿ, ಗಾಜಿನ ಹತ್ತಿರ ಎತ್ತಿದ. ತಿರುಗಿಸಿದ್ದರಲ್ಲಿ ರಾಣಿ ಅವನ ಕಡೆಗೆ ಬಂದಳು. ಹಡಗು ನನ್ನ ಕಡೆಗೆ.

ತುಂಬ ಹೊತ್ತು ನೋಡಿದ. ಡಬ್ಬಿಯನ್ನು ಬೆಳಕಿಗೆ ಅತ್ತ ಓರೆ ಮಾಡಿದ, ಇತ್ತ ಓರೆ ಮಾಡಿದ. ಅಂಗಡಿಯಲ್ಲಿ ಗಿರಾಕಿಯ ವಾಚು ಹಿಡಿದು ನೋಡುತ್ತಿದ್ದನಲ್ಲ, ಥೇಟ್ ಹಾಗೇ.

"ಇದಾನೆ ಕಣೆ" ಅಂದ.

ಎಲ್ಲಿ ಅಂತ ನಾನು ಯಾಕೆ ಕೇಳಿದೆನೋ.

"ಇಲ್ಲೇ, ಹಡಗಿನ ಮೇಲೆ. ಕೈ ಎತ್ತಿದಾನೆ. ಹೋಗ್ಲಿ, ನೀನೇ ಗೆದ್ದೆ ತಗೋ. ಟಾಟಾನೇ ಮಾಡ್ತಿರೋದು."

ರಾಣಿಯ ಮೂಗು ಅವನ ಗಾಜಿಗೆ ತಾಗುವಷ್ಟು ಹತ್ತಿರ. ನಾನು ಹಗ್ಗವನ್ನು ನೋಡುತ್ತಾ, ನಾನು ಅವತ್ತಿಂದ ಬಡ್ಕೋತಿಲ್ವಾ, ನೀನು ಕೇಳಿದ್ರೆ ತಾನೇ ಅಂದೆ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದವರು ಒಳಗೆ ಹೋದರು.

ಗೀರು ಗೀರು ಏನಾದ್ರೂ ಇದೆಯಾ, ನನಗೆ ಈಗ ಅಷ್ಟು ಸಣ್ಣದು ಗೊತ್ತಾಗಲ್ಲ ಅಂತ ಕೇಳಿದ. ಒಂದೂ ಇಲ್ಲ ಅಂದೆ. ಇವತ್ತು ಈ ಮನೆಯಲ್ಲಿ ಯಾರಾದರೂ ಆಡಿದ ನಿಜ ಅದೊಂದೇ.

ಜೂನ್ 9, ಭಾನುವಾರ

ಟ್ರೇ ತೆಗೆದೆವು. ಡಬ್ಬಿ ಗುಳಿಯಲ್ಲಿ ಕೂರುವುದಿಲ್ಲ, ದೊಡ್ಡದು. ಒಡೆದು ತೆಗೆದರೆ ಕೂರುತ್ತದೆ. ಬೇಡ ಅಂದ ಅಣ್ಣ. ಪಕ್ಕದಲ್ಲಿಟ್ಟೆ. ಇಪ್ಪತ್ತೆರಡನೇ ಗುಳಿ ಖಾಲಿಯೇ.

ಬೆಳಗ್ಗೆಯಿಂದ ಎರಡು ಸಲ ಅತ್ತಿಗೆಗೆ ನಾವಿಕನ ವರ್ಣನೆ ಆಯಿತು. ಎರಡನೇ ಸಲ ಅವನಿಗೊಂದು ಟೋಪಿಯೂ ಬಂದಿತ್ತು. ಅತ್ತಿಗೆ ಹೂಂ ಹೂಂ ಅಂದರು. ಎರಡನೇ ಕಾಫಿಯನ್ನು ಅವರೇ ತಂದು ನನ್ನ ಕೈಗೆ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಪಕ್ಕದ ಮನೆಯ ರಿಟೈರ್ಡ್ ಟೀಚರ್ ನಾಳೆಯಿಂದ ಹತ್ತು ಗಂಟೆಗೆ ಬಂದು ಅಣ್ಣನಿಗೆ ಪೇಪರ್ ಓದಿ ಹೇಳುತ್ತಾರಂತೆ. ನಾನು ಆ ಹೊತ್ತಿಗೆ ಪ್ರೆಸ್ಸಿನಲ್ಲಿರುತ್ತೇನೆ. ಪೇಪರ್ ಮುಗಿದ ಮೇಲೆ ನನ್ನ ಈ ಡೈರಿಯನ್ನೂ ಓದಿಸಿಕೊಳ್ಳುತ್ತೇನೆ ಅಂತ ಅಣ್ಣನ ಹುಕುಂ. ನಗು ಬರೋ ಹಾಗೆ ಬರೀತಾಳೆ ನಮ್ಮವಳು ಅಂತ ಅವರಿಗೆ ಆಗಲೇ ಹೇಳಿಯೂ ಇಟ್ಟಿದ್ದಾನೆ. ಕೊಡಲ್ಲ ಅಂದರೆ ಯಾಕೆ ಅಂತಾನೆ.

ಆದ್ದರಿಂದ ಟೀಚರ್, ತಮ್ಮಲ್ಲಿ ಒಂದು ಸಣ್ಣ ವಿನಂತಿ. ಏಪ್ರಿಲ್ ಆರು, ಏಳು, ಇಪ್ಪತ್ತೇಳು, ಮೇ ಹನ್ನೊಂದು, ಮೇ ಇಪ್ಪತ್ತಾರರ ಮಧ್ಯಾಹ್ನ ಬಿಟ್ಟುಬಿಡಿ. ಡಾಕ್ಟರು ಕಾರಿಡಾರಿನಲ್ಲಿ ಅಂದದ್ದನ್ನೂ. ಜೂನ್ ಎಂಟಕ್ಕೆ ಬಂದಾಗ, ನಾವಿಕ ಟಾಟಾ ಮಾಡುತ್ತಿದ್ದಾನೆ, ಅಣ್ಣ ಸೋತ ಅಂತ ಓದಿ ಮುಂದಕ್ಕೆ ಹೋಗಿ. ಇವತ್ತಿನದು ಓದಲೇಬೇಡಿ. ಹಾಳೆ ತಿರುವುವಾಗ ದಯವಿಟ್ಟು ಸ್ವಲ್ಪ ಕೆಮ್ಮಿ. ಎರಡು ಹಾಳೆ ಒಟ್ಟಿಗೆ ತಿರುವಿದರೆ ಸದ್ದು ಬೇರೆ ಥರ ಬರುತ್ತದೆ, ಈಗೀಗ ಅವನಿಗೆ ಅದೆಲ್ಲ ಚೆನ್ನಾಗಿ ಕೇಳಿಸುತ್ತದೆ.