ಅತ್ತೆಯ ಕಾಲು, ನನ್ನ ಕಾಲು, ನಿನ್ನ ಕಾಲು

ಹೊಲಿಗೆ ಅಂಗಡಿಯಿಂದ,
ಮಾರ್ಚ್ ೯, ಭಾನುವಾರ

ನನ್ನ ಮುದ್ದು ಮಗಳೇ,

ಹೇಗಿದ್ದೀಯ? ಕಾಲಿಗೆ ಕೊಟ್ಟಿರುವ ಹೊಸ ಪಟ್ಟಿ ಒತ್ತುತ್ತಿಲ್ಲ ತಾನೆ? ಅಳಿಯಂದಿರ ಕೆಮ್ಮು ಹೋಯಿತೆ? ಇಲ್ಲಿ ಎಲ್ಲರೂ ಕ್ಷೇಮ. ನಿನ್ನಮ್ಮನಂತೂ ಈ ವಾರ ಅಗತ್ಯಕ್ಕಿಂತ ಹೆಚ್ಚೇ ಕ್ಷೇಮ, ಕಾರಣ ಹೇಳುತ್ತೇನೆ.

ನಿನ್ನದು ವಂಶದಲ್ಲಿ ಬರುವ ನರದ ಕಾಯಿಲೆ ಎಂದು ಗೊತ್ತಾದ ಮೇಲೆ ನಾನೂ ಅಮ್ಮನೂ ಇಲ್ಲಿಯ ನರರೋಗದ ಡಾಕ್ಟರ ಹತ್ತಿರ ಹೋದೆವು. ದೊಡ್ಡತ್ತೆಯೂ ಹೊರಟಳು. ನನ್ನಕ್ಕನ ಬಾಯಿ ಗೊತ್ತಲ್ಲ, ಚಿಕ್ಕಂದಿನಲ್ಲಿ ನೀನು ಎಡವಿದಾಗಲೆಲ್ಲ "ತಾಯಿ ಕಡೆಯ ಕಾಲು, ಏನು ಮಾಡೋಕಾಗುತ್ತೆ" ಅಂತಿದ್ದವಳು. ದಾರಿಯುದ್ದಕ್ಕೂ ಅದೇ ರಾಗ. ನಿನ್ನಮ್ಮ ಕಿಟಕಿಯಾಚೆ ನೋಡುತ್ತ ಕೂತಿದ್ದಳು.

ಡಾಕ್ಟರು ನಿನ್ನ ವಯಸ್ಸಿನ ಹುಡುಗಿ. ಅಮ್ಮನ ಮೊಣಕಾಲಿಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿದಳು. ಕಾಲು ಚಂಗನೆ ಎದ್ದು ಅವಳ ಬಿಳಿ ಕೋಟಿಗೇ ತಾಗಿತು. ನನ್ನದಕ್ಕೆ ಬಡಿದರೆ ಕಮಕ್ ಕಿಮಕ್ ಅನ್ನಲಿಲ್ಲ. ಪಾದದ ಎತ್ತರದ ಕಮಾನು, ಮಡಚಿಕೊಂಡ ಬೆರಳು ನೋಡಿ, "ಗುಂಡಿ ಹಾಕೋಕೆ ಕಷ್ಟ ಆಗುತ್ತಾ?" ಅಂದಳು. ವಯಸ್ಸಾಯಿತು ಅಂದುಕೊಂಡು ಅಂಗಡಿಯ ಗುಂಡಿ-ಕಾಜಾ ಕೆಲಸವನ್ನೆಲ್ಲ ನಾನು ಅಮ್ಮನಿಗೆ ದಾಟಿಸಿದ್ದೆನಲ್ಲ! ರಕ್ತಪರೀಕ್ಷೆಯಲ್ಲೂ ಅದೇ ಬಂತು. ನಿನಗೆ ಕೊಟ್ಟವನು ನಾನೇ, ಮಗಳೇ. ಗಂಡಾಗಲಿ ಹೆಣ್ಣಾಗಲಿ, ಒಂದೊಂದು ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆಯಂತೆ. ಒಬ್ಬರನ್ನು ಚಿಕ್ಕಂದಿನಲ್ಲೇ ಎಡವಿಸುತ್ತದೆ, ಇನ್ನೊಬ್ಬರಿಗೆ ಮುದುಕರಾದರೂ ಗೊತ್ತೇ ಆಗುವುದಿಲ್ಲವಂತೆ. ಪಾದಕ್ಕೆ ಬಿಸಿಯೂ ಸರಿಯಾಗಿ ತಿಳಿಯುವುದಿಲ್ಲವಂತೆ.

ವರದಿ ಬಂದ ದಿನ ದೊಡ್ಡತ್ತೆ ಕಾಲುಚೀಲ ಬಿಚ್ಚಿದಳು. ಅದೇ ಕಮಾನು, ಅದೇ ಬೆರಳು. ಗಂಡನೆದುರೂ ಬಿಚ್ಚುತ್ತಿರಲಿಲ್ಲವಂತೆ. "ನಂಗೊಬ್ಬಳಿಗೇ ಹೀಗೆ ಅಂದ್ಕೊಂಡಿದ್ದೆ ಕಣೋ" ಅಂದಳು. ಇಷ್ಟು ವರ್ಷದ್ದನ್ನೆಲ್ಲ ಅಮ್ಮ ಈಗ ಬಡ್ಡಿಸಮೇತ ತೀರಿಸಿಯಾಳು ಅಂದುಕೊಂಡೆ. ಅವಳು ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತಂದು, ಮೊದಲು ತನ್ನ ಕೈ ಅದ್ದಿ ನೋಡಿ, ಆಮೇಲೆ ಅತ್ತಿಗೆಯ ಪಾದ ಇಳಿಬಿಟ್ಟಳು. "ಈ ಮನೆ ಕಾಲುಗಳನ್ನ ನಂಬೋ ಹಾಗಿಲ್ಲ, ಸುಟ್ಟರೂ ಹೇಳಲ್ಲ" ಅಂದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಈಗ ದಿನಾ ಸಂಜೆ ಒಟ್ಟಿಗೆ ಪಾದದ ವ್ಯಾಯಾಮ. ನನಗೆ ಕೂರಲೂ ಜಾಗವಿಲ್ಲ.

ನಿಮ್ಮಿಬ್ಬರ ಮನೆ ಸದಾ ನಗುನಗುತ್ತಿರಲಿ.

ಇಂತಿ,
ನಿನ್ನ ಅಪ್ಪ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು: ಫೋನಿನಲ್ಲಿ ನೀನು ಕೇಳಿದ್ದಕ್ಕೆ ಈಗ ಬರೆಯುತ್ತಿದ್ದೇನೆ. ನಿಮಗೆ ಮಗು ಬೇಕೋ ಬೇಡವೋ, ಪರೀಕ್ಷೆ ಮಾಡಿಸಬೇಕೋ ಬೇಡವೋ, ಅದು ನಿಮ್ಮಿಬ್ಬರ ತೀರ್ಮಾನ. ಏನೇ ಆದರೂ ನಾವು ನಿಮ್ಮ ಕಡೆಗೇ. ಆದರೆ "ಮೊದಲೇ ಗೊತ್ತಿದ್ದರೆ ನಾನು ಬೇಕಿತ್ತಾ ಅಪ್ಪಾ" ಅಂದೆಯಲ್ಲ, ಅದನ್ನು ಅಮ್ಮನಿಗೆ ಹೇಳಿದೆ. ಚೆನ್ನಾಗಿ ಬೈದಳು. "ಇದೂ ಒಂದು ಪ್ರಶ್ನೇನಾ? ಒಳ್ಳೆ ಬೂಟು ಬೇಗ ಕೊಡಿಸ್ತಿದ್ವಿ, ಅಷ್ಟೆ" ಅಂದಳು. ನನ್ನ ಉತ್ತರವೂ ಅದೇ.