ಸುಷ್ಮಿತಾ ನಮ್ಮನೆಯಲ್ಲೇ ಇರ್ತಾಳೆ

ದಟ್ಟಗಳ್ಳಿ, ಮೈಸೂರು
೧೨ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ಅಕ್ಕನಿಗೆ ಯಶೋಧಾಳ ನಮಸ್ಕಾರ.

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೀವಿ. ಭಾವನ ಮಂಡಿನೋವು ಈಗ ಹೇಗಿದೆ? ನೀನು ಫೋನ್ ಮಾಡಿದಾಗೆಲ್ಲ ನಾನು ತೆಗೆಯಲಿಲ್ಲ, ಬೇಜಾರು ಮಾಡ್ಕೋಬೇಡ. ಫೋನಿನಲ್ಲಾದರೆ ನೀನು ಅಳ್ತೀಯ, ನಾನು ಕೂಗಾಡ್ತೀನಿ, ಹೇಳಬೇಕಾದ್ದು ಹಾಗೇ ಉಳಿಯುತ್ತೆ. ಕಾಗದ ಬರೆಯೋಣ ಅಂದರೆ ದಸರಾ ಮುಗಿದದ್ದೇ ಪ್ರೆಸ್ಸಿಗೆ ಮದುವೆ ಕಾರ್ಡುಗಳ ರಾಶಿ ಬಂದುಬಿಡ್ತು. ಇಡೀ ದಿನ ಊರವರ ಹೆಸರೆಲ್ಲ ಟೈಪ್ ಮಾಡಿ, ಮನೆಗೆ ಬಂದ ಮೇಲೆ ಬೆರಳು ಆಡೋದೇ ಇಲ್ಲ.

"ಯಾರದೋ ಮಗು ನಿನಗ್ಯಾಕೆ, ನಿನ್ನ ನೋಡ್ಕೊಳ್ಳೋಕೇ ಒಬ್ಬರು ಬೇಕು" ಅಂತ ಮೆಸೇಜ್ ಹಾಕಿದ್ದೆಯಲ್ಲ, ಅದೇ ಮಾತನ್ನ ಮಕ್ಕಳ ಕಲ್ಯಾಣ ಸಮಿತಿಯಲ್ಲೂ ಕೇಳಿ ಬಂದೆ ಕಣಕ್ಕ. ಇದು ದತ್ತು ಅಲ್ಲ. ಸುಷ್ಮಿತಾಳ ಅಮ್ಮ ಬದುಕಿದ್ದಾಳೆ, ಆಸ್ಪತ್ರೆಯಲ್ಲಿದ್ದಾಳೆ, ಗುಣವಾಗೋಕೆ ಬಹಳ ಕಾಲ ಬೇಕು. ಅಲ್ಲಿವರೆಗೆ ಮಗು ಬಾಲಮಂದಿರದ ಬದಲು ಒಂದು ಮನೆಯಲ್ಲಿ ಬೆಳೀಲಿ ಅನ್ನೋದೇ ಈ ಪೋಷಕತ್ವ. ಒಂಟಿ ಹೆಂಗಸೂ ಕೇಳಬಹುದು ಅಂತ ಗೊತ್ತಾದ ದಿನವೇ ನಾನು ಅರ್ಜಿ ಹಾಕಿದೆ.

ಮನೆ ನೋಡೋಕೆ ಸಮಿತಿ ಕಡೆಯಿಂದ ನಿರಂಜನ್ ಅನ್ನೋ ಹುಡುಗ ಬಂದ. ಒಳ್ಳೆಯವನು. ನಾನು ಏನನ್ನೂ ಮುಚ್ಚಿಡಲಿಲ್ಲ. ನನಗೆ ಚಿಕ್ಕಂದಿನಿಂದ ಫಿಟ್ಸ್ ಇದೆ, ಮಾತ್ರೆಯಿಂದ ಹತೋಟಿಯಲ್ಲಿದೆ, ಅಪರೂಪಕ್ಕೆ ಬರುತ್ತೆ, ಅದಕ್ಕೇ ಗ್ಯಾಸ್ ತೆಗೆಸಿ ಕರೆಂಟ್ ಒಲೆ ಇಟ್ಟಿದ್ದೀನಿ, ಬಚ್ಚಲಿಗೆ ಚಿಲಕ ಹಾಕಲ್ಲ, ಪಕ್ಕದ ಮನೆ ಪಾರ್ವತಮ್ಮನವರ ಹತ್ತಿರ ಒಂದು ಬೀಗದ ಕೈ ಇರುತ್ತೆ ಅಂತೆಲ್ಲ ಹೇಳಿದೆ. ಅವನು ಎಲ್ಲ ಬರ್ಕೊಂಡು ಹೋದ.

ಸಮಿತಿಯಲ್ಲಿ ಒಬ್ಬರು ಮೇಡಂ ನನ್ನನ್ನ ನೋಡಿದ ತಕ್ಷಣ ದನಿ ಮೆತ್ತಗೆ ಮಾಡ್ಕೊಂಡರು. ಪಾಪ, ನಿಮಗ್ಯಾಕಮ್ಮ ಈ ಹೊರೆ ಅಂದರು. ನಾನು ಕೂತ ಕಡೆಯಿಂದ ಏಳಲಿಲ್ಲ.

"ಆಗಲ್ಲ ಅನ್ನಿ ಮೇಡಂ, ಯಾಕೆ ಆಗಲ್ಲ ಅಂತ ಬರೆದು ಸಹಿ ಹಾಕಿ ಕೊಡಿ. ಪಾಪ ಮಾತ್ರ ಅನ್ನಬೇಡಿ" ಅಂದೆ.

ಯಾರೂ ಬರೆದು ಕೊಡಲಿಲ್ಲ. ನಮ್ಮ ಡಾಕ್ಟರ ಅಭಿಪ್ರಾಯ ತರಿಸಿದರು. ಅವರು, ಈಕೆ ಕೆಲಸ ಮಾಡ್ತಾಳೆ, ಒಬ್ಬಳೇ ಸಂಸಾರ ತೂಗಿಸ್ತಾಳೆ, ಪಕ್ಕದಲ್ಲಿ ಆಸರೆ ಇದೆ, ಮಗು ಸಾಕೋಕೆ ಅಡ್ಡಿಯಿಲ್ಲ ಅಂದರು. ಜೂನಿನಲ್ಲಿ ಸುಷ್ಮಿತಾ ಬಂದಳು. ಒಂಬತ್ತು ವರ್ಷದ ಹುಡುಗಿ. ಮೊದಮೊದಲು ಚೀಲದಿಂದ ಬಟ್ಟೆಯನ್ನೇ ಆಚೆ ತೆಗೀತಿರಲಿಲ್ಲ. ನಾನೂ ತೆಗಿ ಅನ್ನಲಿಲ್ಲ. ಒಂದು ಸಂಜೆ ತಾನೇ ಬೀರುವಿನಲ್ಲಿ ಜಾಗ ಎಲ್ಲಿದೆ ಅಂತ ಕೇಳಿದಳು. ನನ್ನನ್ನ ಆಂಟಿ ಅಂತಾಳೆ. ಅಮ್ಮ ಅನ್ನು ಅಂತ ನಾನು ಯಾವತ್ತೂ ಹೇಳಲ್ಲ, ಅವಳಿಗೆ ಅಮ್ಮ ಇದ್ದಾಳೆ.

ಫಿಟ್ಸ್ ಬಂದರೆ ಏನು ಮಾಡಬೇಕು ಅಂತ ಅವಳಿಗೂ ಹೇಳಿದ್ದೆ. ಹೆದರಿಕೆಯಾದರೆ ಪಾರ್ವತಮ್ಮಜ್ಜಿ ಮನೆಗೆ ಓಡಿ ಹೋಗು, ಅಷ್ಟೇ ಸಾಕು ಅಂದಿದ್ದೆ.

ಆಗಸ್ಟಿನಲ್ಲಿ ಬಂದೇಬಿಟ್ಟಿತು. ಬೆಳಿಗ್ಗೆ ಅವಳಿಗೆ ಜಡೆ ಹಾಕ್ತಿದ್ದೆ. ಎಚ್ಚರವಾದಾಗ ನೆಲದ ಮೇಲೆ ಒಂದು ಪಕ್ಕಕ್ಕೆ ಮಲಗಿದ್ದೆ, ತಲೆ ಕೆಳಗೆ ಅವಳ ಯೂನಿಫಾರ್ಮು ಸ್ವೆಟರ್. ಆಮೇಲೆ ಪಾರ್ವತಮ್ಮನವರೇ ಹೇಳಿದರು. ಮಗು ಬಂದು ಕರೆಯಿತಂತೆ, ಇವರು ಗಾಬರಿಯಲ್ಲಿ ಬೀಗದ ಕೈ ಗೊಂಚಲು ತಂದು ನನ್ನ ಕೈಗೆ ತುರುಕೋಕೆ ಹೋದರಂತೆ. ಇವಳು, "ಕಬ್ಬಿಣ ಬೇಡ ಅಜ್ಜಿ, ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ, ನಿಂತುಹೋಗುತ್ತೆ" ಅಂದಳಂತೆ. ಒಂದು ಕಡೆ ಮಾತ್ರ ಹಾಕಿದ್ದ ಜಡೆಯಲ್ಲೇ ಕೂತಿದ್ದಳು ಕಣಕ್ಕ.

ನಾನೇ ನಿರಂಜನ್ ಆಫೀಸಿಗೆ ಫೋನ್ ಮಾಡಿ ತಿಳಿಸಿದೆ. "ಯಾಕಮ್ಮ ಹೇಳಿದೆ, ಬುಟ್ಟುಬುಡೋದಲ್ವಾ" ಅಂತ ಪಾರ್ವತಮ್ಮನವರು ಬೈದರು. ಬಚ್ಚಿಟ್ಟು ಸಾಕಿದರೆ ಕದ್ದು ಸಾಕಿದ ಹಾಗೆ ಅಂದೆ ನಾನು. ಮತ್ತೆ ಸಮಿತಿ ಕರೆಯಿತು. ಮಗುವಿನ ಕ್ಷೇಮಕ್ಕೆ ಬೇರೆ ಕಡೆ ಕಳಿಸೋದೇ ವಾಸಿ ಅಂತ ಅದೇ ಮೇಡಂ ಶುರು ಮಾಡಿದರು. ಅಧ್ಯಕ್ಷರು ಅವರನ್ನ ತಡೆದು, ನಿನಗೆ ಏನನ್ನಿಸುತ್ತೆ ಮಗು ಅಂತ ಸುಷ್ಮಿತಾಳನ್ನ ಕೇಳಿದರು. ಅವಳು ಅವರನ್ನೇ ತಿರುಗಿ ಕೇಳಿದಳು.

"ಅಮ್ಮಂಗೆ ಹುಷಾರಿಲ್ಲ ಅಂತ ಕರ್ಕೊಂಡ್ ಬಂದ್ರಿ. ಆಂಟಿಗೂ ಹುಷಾರಿಲ್ಲ ಅಂತ ಕರ್ಕೊಂಡ್ ಹೋಗ್ತೀರಾ? ಇನ್ನೊಂದು ಮನೇಲಿ ಯಾರಿಗೂ ಜ್ವರಾನೇ ಬರಲ್ವಾ?"

ಅಧ್ಯಕ್ಷರು ಕನ್ನಡಕ ತೆಗೆದಿಟ್ಟರು. ಮುಂದುವರಿಯಲಿ ಅಂದರು. ನಿರಂಜನ್ ತಿಂಗಳಿಗೊಮ್ಮೆ ಬಂದು ನೋಡ್ಕೊಂಡು ಹೋಗ್ತಾನೆ. ಬರಲಿ, ಕಾಫಿ ಕೊಡ್ತೀನಿ.

ಅವಳಮ್ಮ ಗುಣವಾಗಿ ಬಂದ ದಿನ ನಾನೇ ಕೈಹಿಡಿದು ಬಿಟ್ಟು ಬರ್ತೀನಿ. ಅತ್ತೇ ಅಳ್ತೀನಿ. ಆದರೆ ನನ್ನ ಕಾಯಿಲೆ ಕಾರಣಕ್ಕೆ ಯಾರೂ ಅವಳನ್ನ ಕರ್ಕೊಂಡು ಹೋಗಬಾರದು.

ಇನ್ನು ಕೀರ್ತಿ ಮದುವೆ. ಗಂಡಿನ ಕಡೆಯವರ ಮುಂದೆ ಏನಾದರೂ ಆದರೆ ಅಂತ, ಧಾರೆ ಮುಗಿದ ಮೇಲೆ ಬಾ, ಮಗುವನ್ನ ಕರ್ಕೊಂಡು ಬರಬೇಡ ಅಂತ ಹೇಳಿ ಕಳಿಸಿದ್ದೀಯಲ್ಲ. ಆಗಲ್ಲ ಅಕ್ಕ. ನಾನು ಅವಳ ಚಿಕ್ಕಮ್ಮ. ಧಾರೆಗೇ ಬರ್ತೀನಿ, ಸುಷ್ಮಿತಾಳ ಜೊತೆ ಮುಂದಿನ ಸಾಲಲ್ಲೇ ಕೂರ್ತೀನಿ. ಫಿಟ್ಸ್ ಬಂದರೆ ಬರಲಿ. ಏನು ಮಾಡಬೇಕು ಅಂತ ಗೊತ್ತಿರೋಳು ಪಕ್ಕದಲ್ಲೇ ಇರ್ತಾಳೆ.

ಕೀರ್ತಿಯ ಸಂಸಾರ ತಣ್ಣಗಿರಲಿ, ಅವಳ ಮನೆಯಲ್ಲಿ ನಗು ತುಂಬಿರಲಿ. ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ,
ಯಶೋಧಾ

ಮರೆತು ಬಿಟ್ಟದ್ದು ಅಂತ ಇಲ್ಲಿ ಬರೆಯಬಹುದಿತ್ತು. ಮರೆತಿರಲಿಲ್ಲ. ನಿನ್ನ ಬಾಣಂತನಕ್ಕೆ ನಾನೇ ಇದ್ದೆ, ನೀರು ಕಾಯಿಸಿದೆ, ಬಟ್ಟೆ ಒಗೆದೆ. ನೀನು ಸ್ನಾನಕ್ಕೆ ಹೋಗಿದ್ದಾಗ ಕೀರ್ತಿ ಅತ್ತಳು, ನಾನು ತೊಟ್ಟಿಲಿಗೆ ಕೈ ಹಾಕಿದೆ. ನೀನು ಒದ್ದೆ ತಲೆಯಲ್ಲೇ ಓಡಿ ಬಂದು ನನ್ನ ಕೈ ತಳ್ಳಿದೆ. ನಾನು ನಿನ್ನ ಮಗಳನ್ನ ಒಂದು ದಿನವೂ ಎತ್ತಿಕೊಂಡಿಲ್ಲ ಅಕ್ಕ. ಇನ್ನು ಅವಳನ್ನ ಎತ್ತಿಕೊಳ್ಳೋಕಾಗಲ್ಲ. ನಾಳೆ ಅವಳಿಗೊಂದು ಮಗು ಆದಾಗ, ಅದನ್ನ ನೀನೇ ತಂದು ನನ್ನ ಮಡಿಲಲ್ಲಿಡು. ನೆಲದ ಮೇಲೆ ಕೂತೇ ಎತ್ತಿಕೊಳ್ತೀನಿ.