ಬಕೆಟ್ಟಿನ ಹಸಿವು

ನನ್ನ ಮುದ್ದು ನೆರಿಸ್ಸಾ,

ಭಾನುವಾರ ನೀನು ತಟ್ಟೆಯಲ್ಲಿ ಬಿಟ್ಟುಹೋದ ಉಪ್ಪುಮೀನು, ಆಲೂಗೆಡ್ಡೆಯನ್ನು ನಿನ್ನ ಹಡಗಿನ ಜೊತೆಗಾರ ಕಾರ್ಡೆಲ್ಲೇ ತಿಂದು ಮುಗಿಸಿದ. ಬಾಳೆಹಣ್ಣನ್ನೂ ಬಿಡಲಿಲ್ಲ. ನೆಲದ ಮೇಲಿರುವಾಗ ಆ ಹುಡುಗನ ಹೊಟ್ಟೆಗೆ ಯಾವ ತಕರಾರೂ ಇಲ್ಲ; ಹಡಗು ಹತ್ತಿದರೆ ಮಾತ್ರ ಎಲ್ಲ ಬಾಯಿಗೆ ಬರುತ್ತದೆ.

“ನಕ್ಷೆಗೆ ಆ ಐದನೇ ಚುಕ್ಕೆ ಹಾಕಿಬಿಡೇ ಮಾರಾಯ್ತಿ, ಯಾರು ಕೇಳ್ತಾರೆ? ನನ್ನ ಹಣೆ ಒಡೆದದ್ದಕ್ಕೆ ಏನಾದ್ರೂ ಲಾಭ ಆಗ್ಲಿ” ಎಂದು ನೀನು ಏಳುವ ಮೊದಲು ಅವನು ನಕ್ಕಿದ್ದ.

“ಜಾರಿ ಬೀಳೋಕೆ ನಿನಗೆ ಬೇರೆ ಹೊತ್ತೇ ಸಿಗ್ಲಿಲ್ವಾ?” ಎಂದು ಗದರಿದೆ ನೀನು. ಆಮೇಲೆ ನನ್ನ ಕಡೆ ತಿರುಗಿ, “ಅಜ್ಜಿ, ಒಂದು ಗಂಟೇಲಿ ಏನು ಮಹಾ ಬದಲಾಗುತ್ತೆ, ನೀನೇ ಹೇಳು” ಎಂದೆ. ನಾನು ಬಾಯಿ ತೆರೆಯುವ ಮೊದಲೇ ನೀನು ಎದ್ದು ಹೋದೆ.

ಅದಕ್ಕೇ ಈ ಕಾಗದ.

ನಾನು ಶಾಲೆಯಲ್ಲಿ ಸಮುದ್ರವನ್ನು ಓದಿದವಳಲ್ಲ. ನನಗೆ ತಿಳಿದದ್ದೆಲ್ಲ ನೀನು ಇದೇ ಮೇಜಿನ ಮುಂದೆ ಕೂತು ಹೇಳಿಕೊಟ್ಟದ್ದು. ನಮ್ಮ ಅಜ್ಜಂದಿರು ‘ಕಡಲ ಮರದಪುಡಿ’ ಎಂದು ಕರೆಯುತ್ತಿದ್ದ, ನೀರಿನ ಮೇಲೆ ತೇಲುವ ಆ ಕಂದು ಎಳೆಗಳು ಜೀವಿಗಳು. ಗಾಳಿಯ ಸಾರಜನಕವನ್ನು ಹಿಡಿದು ಸುತ್ತಲಿನ ಬಡ ನೀರಿಗೆಲ್ಲ ಉಣಿಸುತ್ತವೆ. ಊರಿಗೆಲ್ಲ ಬಡಿಸುವ ಅವಕ್ಕೂ ಹಸಿವಿದೆ. ಕಬ್ಬಿಣ ಸಾಲದಿದ್ದರೆ ಅವುಗಳೊಳಗೆ ಒಂದು ಜೀನು ಎಚ್ಚರವಾಗುತ್ತದೆ, ರಂಜಕ ಸಾಲದಿದ್ದರೆ ಇನ್ನೊಂದು. ಹೊರಗಿನಿಂದ ನೋಡಿದರೆ ಎಲ್ಲವೂ ಹೊಟ್ಟೆ ತುಂಬಿದ ಹಾಗೆಯೇ ಕಾಣುತ್ತವೆ. “ಅಮ್ಮನ ಹಾಗೆ ಅಜ್ಜಿ, ಊಟ ಆಯ್ತಾ ಅಂದ್ರೆ ಆಯ್ತು ಅಂತಾವೆ, ಒಳಗೆ ಇಣುಕಿದ್ರೇ ಗೊತ್ತಾಗೋದು” ಎಂದಿದ್ದೆ ನೀನು. ನಿನ್ನ ಅಮ್ಮ ನಗಲಿಲ್ಲ, ನಾನು ನಕ್ಕೆ.

ನಮ್ಮ ದ್ವೀಪದ ಸುತ್ತ ರಂಜಕದ ಹಸಿವು, ದಕ್ಷಿಣಕ್ಕೆ ಹೋದಂತೆ ಕಬ್ಬಿಣದ ಹಸಿವು. ಒಂದು ಮುಗಿದು ಇನ್ನೊಂದು ಶುರುವಾಗುವುದು ಆ ಐದನೇ ಜಾಗದಲ್ಲಿ. ಎಲ್ಲಿ ಯಾವ ಹಸಿವು ಎಂದು ತೋರಿಸುವ ನಿನ್ನ ನಕ್ಷೆಯ ಜೀವವೇ ಅಲ್ಲಿದೆ ಎಂಬುದು ನನಗೆ ಗೊತ್ತು, ಮಗಳೇ. ಬಲೆ ಮೇಲೆ ಬಂದು, ನೀನು ಬಕೆಟ್ಟಿನಿಂದ ಎಳೆಗಳನ್ನು ಹೆಕ್ಕಬೇಕು ಎನ್ನುವಷ್ಟರಲ್ಲಿ ಕಾರ್ಡೆಲ್ ಜಾರಿ ಬಿದ್ದ. ಹಡಗಿನ ವೈದ್ಯ ಬಂದು ಹೊಲಿಗೆ ಹಾಕುವ ತನಕ ಅವನ ಹಣೆಯನ್ನು ಒತ್ತಿ ಹಿಡಿದು ಕೂತವಳು ನೀನು. ಬಕೆಟ್ಟು ಒಂದು ಗಂಟೆ ಬಿಸಿಲಿನಲ್ಲೇ ಉಳಿಯಿತು. ಆಮೇಲೆ ಹೆಕ್ಕಿ ಹೆಪ್ಪುಗಟ್ಟಿಸಿದೆ. ಫಲಿತಾಂಶವೂ ನೀನು ಬಯಸಿದ ಹಾಗೆಯೇ ಬಂತು. ಕಷ್ಟವಿರುವುದೇ ಅಲ್ಲಿ.

ನೀನು ಕೇಳಿದ ಪ್ರಶ್ನೆಗೆ ಹೋದ ವರ್ಷ ನೀನೇ ಉತ್ತರ ಕೊಟ್ಟಿದ್ದೆ. ಯಾಕಷ್ಟು ಅವಸರ, ನೀರು ತಂದ ಮೇಲೆ ಒಂದು ಲೋಟ ಚಹಾ ಕುಡಿದು ಕೆಲಸ ಮಾಡಬಾರದೇ ಎಂದು ನಾನು ಕೇಳಿದ್ದಕ್ಕೆ, “ಅಷ್ಟರಲ್ಲಿ ಅವು ಹೇಳೋ ಮಾತೇ ಬೇರೆ ಆಗಿರುತ್ತೆ ಅಜ್ಜಿ. ಅದು ಕಡಲಿನ ಹಸಿವಲ್ಲ, ಬಕೆಟ್ಟಿನ ಹಸಿವು” ಎಂದಿದ್ದೆ. ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಚರ್ಚಿನಲ್ಲಿ ಪಕ್ಕದವಳಿಗೂ ಹೇಳಿದ್ದೆ.

ಶುಭ ಶುಕ್ರವಾರ ನಮ್ಮ ದ್ವೀಪದವರೆಲ್ಲ ಹಾರಿಸುವ ಗಾಳಿಪಟ ಕಟ್ಟುತ್ತ ಇದನ್ನು ಬರೆಯುತ್ತಿದ್ದೇನೆ. ಗಾಳಿಗೆ ಅಲುಗಿ ಗುಂಯ್ಗುಡುವ ಕಾಗದವನ್ನು ದಾರಕ್ಕೆ ಒಂದೇ ಅಂಚಿನಲ್ಲಿ ಅಂಟಿಸಬೇಕೆಂದು ನಿನಗೆ ಕಲಿಸಿದವಳು ನಾನು. ಚೆನ್ನಾಗಿ ಕಾಣಲೆಂದು ನೀನೊಮ್ಮೆ ಸುತ್ತಲೂ ಅಂಟಿಸಿದ್ದೆ. ಪಟ ಎಲ್ಲರದಕ್ಕಿಂತ ಎತ್ತರ ಹಾರಿತು, ಆದರೆ ಕಾಗದ ಅಲುಗಲಾರದೆ ಸದ್ದೇ ಬರಲಿಲ್ಲ. ಇಳಿಸಿ, ಅಳುತ್ತ, ಉಗುರಿನಿಂದ ನೀನೇ ಬಿಡಿಸಿದೆ.

ಬೆಳಿಗ್ಗೆ ಕಾರ್ಡೆಲ್ ಬಂದಿದ್ದ. ಮಳೆಗಾಲದ ಬಿರುಗಾಳಿಗಳು ಮುಗಿದ ಮೇಲೆ ಹಡಗು ಮತ್ತೆ ಆ ದಾರಿಯಲ್ಲೇ ಹೋಗುತ್ತದಂತೆ. ಐದನೇ ಜಾಗದಲ್ಲಿ ನಿಲ್ಲಿಸಲು ಕ್ಯಾಪ್ಟನ್ ಒಪ್ಪಿದ್ದಾರೆ. ನಿನ್ನ ಓದು ಮುಗಿಯುವುದು ಅಷ್ಟು ದಿನ ಮುಂದಕ್ಕೆ ಹೋಗುತ್ತದೆ. ಅದು ಸಣ್ಣ ಪೆಟ್ಟಲ್ಲ, ಸಣ್ಣದೆಂದು ನಾನು ಹೇಳುವುದೂ ಇಲ್ಲ. “ಈ ಸಲ ನಾನು ಸತ್ತು ಬಿದ್ರೂ ಅವಳು ಬಕೆಟ್ಟು ಬಿಟ್ಟು ಬರಬಾರ್ದು ಅಂತ ಬರೀರಿ ಅಜ್ಜಿ” ಎಂದು ಹಣೆಯ ಗಾಯ ಮುಟ್ಟಿಕೊಂಡು ಹೇಳಿದ.

ಅದನ್ನು ನಾನು ಬರೆಯುವುದಿಲ್ಲ. ಅವನು ಮತ್ತೆ ಬಿದ್ದರೆ ಮತ್ತೆ ಅವನನ್ನೇ ಹಿಡಿದುಕೋ. ಆಮೇಲೆ ಆ ನೀರನ್ನು ಕಡಲಿಗೆ ಸುರಿದು ಹೊಸದಾಗಿ ಬಲೆ ಬಿಡು. ಅಲ್ಲಿಯವರೆಗೆ ನಕ್ಷೆಯಲ್ಲಿ ಐದನೆಯ ಜಾಗ ಖಾಲಿ ಇರಲಿ.

ಶುಕ್ರವಾರ ಬಾ. ಮೀನಿನ ವಡೆ ಕರಿದಿಟ್ಟಿರುತ್ತೇನೆ. ಊಟ ಆಯ್ತು ಎಂದರೆ ನಂಬುವವಳು ನಾನಲ್ಲ.

ನಿನ್ನ ಬಲೆ ಹರಿಯದಿರಲಿ, ಗಾಳಿ ನಿನ್ನ ಬೆನ್ನಿಗಿರಲಿ ಎಂದು ಹರಸುವ
ಎರ್ಮಿನ್ ಅಜ್ಜಿ